ಪಾವಲಿ ತೂಕದ ಹಕ್ಕಿ

ಡ್ರಾಯಿಂಗ್ ಮೇಷ್ಟ್ರು ಷಡಕ್ಷರಿಯ ಮೇಲೆ ನೀಲಾಂಬಿಕೆಗೆ ಮೊದಲ ದಿನವೇ ಸಿಟ್ಟು ಬಂತು. ಸಿಟ್ಟಿಗೆ ಕಾರಣ ಒಂದು ಹಕ್ಕಿ.

೧೯೩೬ನೇ ಇಸವಿಯ ಕಾರ್ತಿಕ ಮಾಸ. ಹೊಳೆನರಸೀಪುರದ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ನೀಲಾಂಬಿಕೆ ಟೀಚರ್. ಮಾಘದಲ್ಲಿ ಇನ್ಸ್‌ಪೆಕ್ಟರು ತಪಾಸಣೆಗೆ ಬರುವವರಿದ್ದರು. ಪರದೇಶದ ಒಂದು ಹಕ್ಕಿಯನ್ನೂ ನಮ್ಮ ಸೀಮೆಯ ಒಂದು ಹಕ್ಕಿಯನ್ನೂ ಹೋಲಿಸಿ ಪಾಠ ಮಾಡಬೇಕು, ಪಟ ಬರೆಸಿಡಬೇಕು ಎಂದು ಮೊದಲೇ ಸುತ್ತೋಲೆ ಬಂದಿತ್ತು. ಸ್ಕೂಲಿನ ಬೀರುವಿನಲ್ಲಿ ಒಂದು ಹಳೆಯ ಇಂಗ್ಲಿಷ್ ಪುಸ್ತಕ, ಅದರಲ್ಲಿ ಒಂದೇ ಒಂದು ಬಣ್ಣದ ಚಿತ್ರ. ಅಮೆರಿಕದ ಹಮ್ಮಿಂಗ್ ಬರ್ಡ್. ಹಸಿರು ಬೆನ್ನು, ಕೆಂಡದಂಥ ಕೆಂಪು ಕೊರಳು. ನೀಲಾಂಬಿಕೆಗೆ ಅದರ ಮೇಲೆ ಆಸೆ ಹುಟ್ಟಿತು. ಕೆಂಪು ಕೊರಳಿನ ಝೇಂಕಾರದ ಹಕ್ಕಿ ಎಂದು ತಾನೇ ಹೆಸರಿಟ್ಟು, ಬರೆದುಕೊಡಿ ಎಂದು ಹೊಸ ಡ್ರಾಯಿಂಗ್ ಮೇಷ್ಟ್ರ ಕೈಗೆ ಪುಸ್ತಕ ಕೊಟ್ಟಳು.

ಅವರು ಬರೆದು ತಂದದ್ದು ನೋಡಿದರೆ, ಬಾಗಿಲಗಲದ ಹಾಳೆ, ಅದರ ಎಡಗಡೆ ಹೆಬ್ಬೆರಳಿನಷ್ಟು ಹಕ್ಕಿ.

"ಇದೇನು ಮೇಷ್ಟ್ರೇ, ಇಷ್ಟು ದೊಡ್ಡ ಹಾಳೇಲಿ ಇಷ್ಟು ಸಣ್ಣ ಹಕ್ಕಿ? ಹಿಂದಿನ ಬೆಂಚಿನವರಿಗೆ ಕಾಣೋದು ಹೇಗೆ?"

"ಅದು ಇರೋದೇ ಅಷ್ಟು ಟೀಚರ್. ಎದ್ದು ಬಂದು ನೋಡ್ಲಿ."

"ಪಾಠ ನನ್ನದೋ ನಿಮ್ಮದೋ?"

"ಪಾಠ ನಿಮ್ಮದು. ಹಕ್ಕಿ ಮಾತ್ರ ಇಬ್ಬರದ್ದೂ ಅಲ್ಲ. ಅದನ್ನ ದೊಡ್ಡದು ಮಾಡೋಕೆ ನಮಗೇನು ಹಕ್ಕಿದೆ?"

ಹೇಳಿ, ಕೋಟಿನ ಜೇಬಿನಿಂದ ಒಂದು ಬೆಳ್ಳಿ ಪಾವಲಿ, ನಾಲ್ಕಾಣೆಯ ನಾಣ್ಯ, ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ಪುಸ್ತಕದಲ್ಲೇ ಇದೆ ತೂಕ. ಲೆಕ್ಕ ಹಾಕಿದೆ, ಕಾಲು ತೊಲ. ಅಂದ್ರೆ ಈ ಪಾವಲಿ. ಇದನ್ನ ಒಬ್ಬೊಬ್ಬ ಮಗುವಿನ ಅಂಗೈ ಮೇಲೂ ಇಡಿ. ಆಮೇಲೆ ಹಕ್ಕಿ ಸಣ್ಣದು ಅಂತ ಯಾರೂ ಜಗಳ ಆಡಲ್ಲ."

ಸೈಕಲ್ ಹತ್ತಿ ಹೋಗಿಯೇಬಿಟ್ಟರು. ಪಾವಲಿ ಮೇಜಿನ ಮೇಲೇ ಉಳಿಯಿತು. ಸಿಟ್ಟಿನಲ್ಲೇ ನೀಲಾಂಬಿಕೆ ಅದನ್ನು ಅಂಗೈ ಮೇಲಿಟ್ಟು ನೋಡಿದಳು. ಇಷ್ಟೇ ಭಾರದ ಜೀವ ಒಂದು ಎಲ್ಲೂ ಕೂರದೆ ಸಮುದ್ರ ದಾಟುತ್ತದಂತೆ. ಪುಸ್ತಕದಲ್ಲಿ ಹಾಗೆ ಬರೆದಿತ್ತು. ಅವಳ ಸಿಟ್ಟು ಅಲ್ಲಿಗೆ ಇಳಿಯಿತು.

ಷಡಕ್ಷರಿ ಒಂದು ಊರಿನ ಮೇಷ್ಟ್ರಲ್ಲ. ಸೋಮವಾರ, ಮಂಗಳವಾರ ಹಾಸನ, ಬುಧವಾರ ಚನ್ನರಾಯಪಟ್ಟಣ, ಗುರುವಾರ ಹೊಳೆನರಸೀಪುರ, ಶುಕ್ರವಾರ ಅರಕಲಗೂಡು. ನಾಲ್ಕು ಊರಿನ ಮಕ್ಕಳಿಗೆ ಮಾವಿನಕಾಯಿ, ಚೊಂಬು, ದೀಪದ ಕಂಬ ಬರೆಯಲು ಕಲಿಸುತ್ತ ಸುತ್ತುವ ಕೆಲಸ. ಸಣಕಲು ಮೈ, ಕುಳ್ಳು, ಹಣೆಯ ವಿಭೂತಿ ಬೆವರಿಗೆ ಯಾವಾಗಲೂ ಅರ್ಧ ಅಳಿಸಿರುತ್ತಿತ್ತು. ಕುರ್ಚಿ ಕೊಟ್ಟರೆ ಕೂರುತ್ತಿರಲಿಲ್ಲ. ನೀಲಾಂಬಿಕೆಯೋ ಅವರಿಗಿಂತ ಎರಡು ಬೆರಳು ಎತ್ತರ, ನಿಂತ ಜಾಗದಿಂದ ಅಲುಗದೆ ಇಡೀ ಕ್ಲಾಸನ್ನು ಕಣ್ಣಲ್ಲೇ ಹಿಡಿಯುವವಳು. ಹೊಲಿಗೆ ಟೀಚರ್ ರೇವಮ್ಮನಿಗೆ ಇವರಿಬ್ಬರನ್ನು ಒಟ್ಟಿಗೆ ನೋಡಿದರೆ ನಗು.

"ಏನವ್ವ ನೀಲಮ್ಮ, ಗುರುವಾರ ಬಂದ್ರೆ ಇಸ್ತ್ರಿ ಸೀರೆ ಉಟ್ಕೋತೀಯ?" ಅನ್ನುತ್ತಿದ್ದಳು.

"ಎಲ್ಲಾ ದಿನಾನೂ ಉಡ್ತೀನಿ."

"ಊಂ, ನಂಗೆ ಕಣ್ಣಿಲ್ಲ ನೋಡು."

ನಮ್ಮ ಸೀಮೆಯ ಹಕ್ಕಿ ಯಾವುದು ಎನ್ನುವುದಕ್ಕೂ ಜಗಳವಾಯಿತು. ನೀಲಾಂಬಿಕೆ ಗರುಡ ಎಂದಳು. ಷಡಕ್ಷರಿ ತಲೆ ಆಡಿಸಿ, "ಒಂದು ಸಾರಿ ಹೊಲದ ಕಡೆ ಬನ್ನಿ, ಮಕ್ಕಳನ್ನೂ ಕರ್ಕೊಳ್ಳಿ" ಅಂದರು. ಮುಂದಿನ ಗುರುವಾರ ಕೊನೆಯ ಪೀರಿಯಡ್ಡಿನಲ್ಲಿ ಹುಡುಗಿಯರ ಸಾಲು, ಮುಂದೆ ರೇವಮ್ಮ, ಹಿಂದೆ ನೀಲಾಂಬಿಕೆ, ರೈಲು ಹಳಿ ದಾಟಿ ಹೇಮಾವತಿಯ ದಂಡೆಯ ರಾಗಿ ಹೊಲಕ್ಕೆ ಹೋದರು. ಷಡಕ್ಷರಿ ಸೈಕಲ್ ತಳ್ಳಿಕೊಂಡು ಬದಿಯಲ್ಲಿ.

ಹೊಲದ ಮೇಲೆ ಒಂದು ಹಕ್ಕಿ ನಿಂತಿತ್ತು. ಮರದ ಮೇಲಲ್ಲ, ಗಾಳಿಯಲ್ಲೇ. ಬಾಲ ಬೀಸಣಿಗೆಯಂತೆ ಹರಡಿ, ರೆಕ್ಕೆ ಸಣ್ಣಗೆ ನಡುಗಿಸುತ್ತ, ಕತ್ತು ಮಾತ್ರ ಅಲುಗಿಸದೆ ಕೆಳಗೆ ನೋಡುತ್ತಿತ್ತು.

"ಅದೇ ಚಾಣ, ಸಣ್ಣ ಗಿಡುಗ. ಚಳಿಗಾಲಕ್ಕೆ ಬರುತ್ತೆ, ಬೇಸಿಗೇಲಿ ಹೋಗುತ್ತೆ. ನುಗ್ಗೇಹಳ್ಳಿ ಕಡೆ ಬಯಲಲ್ಲಿ ಬೇಕಾದಷ್ಟು. ಇಲಿ, ಮಿಡತೆ ಕಣ್ಣಿಗೆ ಬೀಳೋ ತನಕ ಹೀಗೇ ನಿಂತಿರುತ್ತೆ," ಅಂದರು ಷಡಕ್ಷರಿ.

ನೀಲಾಂಬಿಕೆ ರೆಪ್ಪೆ ಬಡಿಯದೆ ಅದನ್ನೇ ನೋಡಿದಳು. ತುಂಬ ಹೊತ್ತಾದ ಮೇಲೆ ಪಕ್ಕಕ್ಕೆ ತಿರುಗಿದರೆ ಷಡಕ್ಷರಿ ಹಕ್ಕಿಯನ್ನು ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದರು. ಸಿಕ್ಕಿಬಿದ್ದವರಂತೆ ಸೈಕಲ್ಲಿನ ಗಂಟೆ ಒರೆಸತೊಡಗಿದರು.

"ಏನು ನೋಡ್ತಿದ್ರಿ?"

"ಹೋಲಿಕೆ," ಅಂದರು. "ನೀವೂ ಚಾಣದ ಜಾತಿ ಟೀಚರ್. ಯಾವ ಹುಡುಗಿ ಸ್ಲೇಟಿನ ಹಿಂದೆ ಹುಣಿಸೆಹಣ್ಣು ತಿಂತಾಳೆ ಅಂತ ನಿಂತ ಕಡೇನೇ ನಿಮಗೆ ಗೊತ್ತಾಗುತ್ತೆ."

"ಹಾಗಾದ್ರೆ ನೀವು?"

"ನನ್ನದು ಪಾವಲಿ ತೂಕ. ಹೂವಿಂದ ಹೂವಿಗೆ ಅಲ್ಲ, ಹಾಸನದಿಂದ ಅರಕಲಗೂಡಿಗೆ."

ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಮುಂದೆ ಹೋಗುತ್ತಿದ್ದ ರೇವಮ್ಮ ತಿರುಗಿ ನೋಡಿ, ಮಕ್ಕಳನ್ನು ಇನ್ನೂ ಸ್ವಲ್ಪ ಮುಂದಕ್ಕೆ ನಡೆಸಿಕೊಂಡು ಹೋದಳು.

ಅಲ್ಲಿಂದ ಪಟ ಗುರುವಾರಕ್ಕೊಂದು ಸಾಲಿನಂತೆ ಬೆಳೆಯಿತು. ಎಡಗಡೆ ಝೇಂಕಾರದ ಹಕ್ಕಿ, ಬಲಗಡೆ ಚಾಣ, ಎರಡೂ ಇದ್ದಷ್ಟೇ ಅಳತೆಯಲ್ಲಿ. ಕೆಳಗೆ ಗೆರೆ ಹೊಡೆದ ಮನೆಗಳು. ತೂಕ: ಒಂದಕ್ಕೆ ಪಾವಲಿ, ಇನ್ನೊಂದಕ್ಕೆ ಹದಿನಾರು ರೂಪಾಯಿ ನಾಣ್ಯ. ಕೊಕ್ಕು: ಒಂದಕ್ಕೆ ಸೂಜಿ, ಇನ್ನೊಂದಕ್ಕೆ ಕೊಕ್ಕೆ. ಆಹಾರ: ಹೂವಿನ ಜೇನು, ಮಾಂಸ. ಗೂಡಿನ ಸಾಲು ಬಂದ ದಿನ ಷಡಕ್ಷರಿ ಕುಂಚ ಎತ್ತಿ ಹಿಡಿದು, "ಈ ಸಣ್ಣದು ಜೇಡರಬಲೇಲಿ ಹೊಲಿದು ಅರ್ಧ ನಿಂಬೆಹಣ್ಣಿನಷ್ಟು ಮನೆ ಕಟ್ಟುತ್ತೆ. ಚಾಣ ಕಟ್ಟೋದೇ ಇಲ್ಲ. ಬಂಡೆ ಸಂದೀಲೋ ಕಾಗೆ ಬಿಟ್ಟ ಗೂಡಲ್ಲೋ ಇರುತ್ತೆ" ಅಂದರು.

"ನನ್ನ ಥರ. ಬಾಡಿಗೆ ಮನೆ," ಅಂದಳು ನೀಲಾಂಬಿಕೆ. ಅವಳು ತಾಯಿ ಬಸವಲಿಂಗಮ್ಮನ ಜೊತೆ ಕೋಟೆ ಬೀದಿಯ ಒಂದು ಬಾಡಿಗೆ ಮನೆಯಲ್ಲಿದ್ದಳು.

"ಕಟ್ಟೋರು ಸಿಗ್ಲಿಲ್ಲವೇನೋ," ಅಂದರು ಷಡಕ್ಷರಿ, ಬಣ್ಣದ ಬಟ್ಟಲಿನ ಕಡೆ ನೋಡುತ್ತ. ಕಿವಿಯ ತುದಿ ಕೆಂಪಾಗಿತ್ತು. ಆ ದಿನ ನೀಲಾಂಬಿಕೆ ಮನೆಗೆ ಹೋಗುವ ದಾರಿಯಲ್ಲಿ ಹಾಲಿನವಳ ಮನೆ ದಾಟಿ ಮುಂದೆ ಹೋಗಿ, ನೆನಪಾಗಿ ವಾಪಸು ಬಂದಳು.

ಕೊನೆಯದು ಹೋಲಿಕೆಯ ಮನೆ. ಎರಡಕ್ಕೂ ಸಮಾನವಾದದ್ದು ಏನು? ಏನೂ ಇಲ್ಲ ಎಂದು ನೀಲಾಂಬಿಕೆ ಹಟ ಹಿಡಿದಳು. ಇದೆ ಎಂದು ಷಡಕ್ಷರಿ. ಏನೆಂದು ಮಾತ್ರ ಹೇಳಲೊಲ್ಲರು.

ಹೀಗೇ ಮಾಘ ಬಂತು. ಒಂದು ಗುರುವಾರ ಅವಳು, ಪಟದ ಮೂಲೆಗೆ ಆ ಪಾವಲಿಯನ್ನು ಒತ್ತಿಡುತ್ತ, ಅವರ ಮುಖ ನೋಡದೆ ಹೇಳಿದಳು, "ಶಿವರಾತ್ರಿಗೆ ಕಟ್ಟಾಯದಿಂದ ನಮ್ಮ ಸೋದರಮಾವ ಬರ್ತಾರೆ."

"ಹಬ್ಬಕ್ಕಾ?"

"ಮಾತು ತಗೊಂಡು ಹೋಗೋಕೆ. ಅವರ ಮಗ ಪಾಲಾಕ್ಷ ಇದ್ದಾನಲ್ಲ, ಅವನಿಗೆ."

ಕುಂಚ ನಿಂತಿತು. ಅವಳು ಅಷ್ಟು ಹೇಳಿದ್ದೇ ದೊಡ್ಡದು. ಹೆಣ್ಣಾಗಿ, ಟೀಚರಾಗಿ, ಆ ಊರಿನಲ್ಲಿ, ಇದಕ್ಕಿಂತ ಬಾಯಿಬಿಟ್ಟು ಹೇಳುವುದು ಹೇಗೆ? ಇನ್ನು ನೀವು ಹೇಳಿ ಎಂದು ಮನಸ್ಸಿನಲ್ಲೇ ಕಾದಳು. ಷಡಕ್ಷರಿ ಕುಂಚವನ್ನು ಮೂರು ಸಾರಿ ತೊಳೆದರು. ಪಟವನ್ನು ಸುರುಳಿ ಸುತ್ತಿಕೊಂಡು, ಮುಗಿಸಿ ತರ್ತೀನಿ ಎಂದು ಹೊರಟುಹೋದರು.

ಮುಂದಿನ ಗುರುವಾರ ಮಧ್ಯಾಹ್ನ ಪಟ ಬಂತು. ದಾರ ಸುತ್ತಿದ ಸುರುಳಿಯನ್ನು ಅವಳ ಕೈಗೇ ಕೊಟ್ಟು ಷಡಕ್ಷರಿ, "ಒಂದು ಮನೆ ಖಾಲಿ ಬಿಟ್ಟಿದೀನಿ. ಅದನ್ನ ನೀವೇ ತುಂಬಬೇಕು. ಇಲ್ಲಿ ಬೇಡ, ಮನೇಗೆ ತಗೊಂಡು ಹೋಗಿ ಬಿಚ್ಚಿ. ಶನಿವಾರ ತಪಾಸಣೆ ಹೊತ್ತಿಗೆ ಅರಕಲಗೂಡಿಂದ ನೇರ ಬಂದುಬಿಡ್ತೀನಿ" ಅಂದರು. ನೀರು ಬೇಕೇ ಎಂದು ಅವಳು ಕೇಳುವಷ್ಟರಲ್ಲಿ ಸೈಕಲ್ ಗೇಟು ದಾಟಿತ್ತು.

ಮನೆಯ ತನಕ ಕಾಯುವ ತಾಳ್ಮೆ ಯಾರಿಗಿದೆ? ಸ್ಕೂಲು ಬಿಟ್ಟ ಕೂಡಲೇ ಹೊಲಿಗೆ ಕೋಣೆಯ ಉದ್ದ ಮೇಜಿನ ಮೇಲೆ ಬಿಚ್ಚಿ, ನಾಲ್ಕು ಮೂಲೆಗೆ ಕತ್ತರಿ, ಇಂಕಿನ ಕುಪ್ಪಿ ಇಟ್ಟಳು. ಚಾಣದ ಕಣ್ಣು ಅವಳನ್ನೇ ನೋಡುತ್ತಿತ್ತು.

"ನಿನ್ ಕಣ್ಣೇ ಬರ್ದವ್ನೆ ಕಣವ್ವ," ಅಂದಳು ರೇವಮ್ಮ.

ಆಗಲೇ ನೀಲಾಂಬಿಕೆಗೆ ಒಂದು ವಿಷಯ ಕಂಡಿತು. ಪಟದ ಹಿಂದೆ ಬಟ್ಟೆ ಹಚ್ಚಿರಲಿಲ್ಲ. ಗೋಡೆಗೆ ತೂಗುವ ಪಟಕ್ಕೆಲ್ಲ ಹಿಂದೆ ತೆಳು ಬಟ್ಟೆ ಹಚ್ಚದಿದ್ದರೆ ತಿಂಗಳಲ್ಲಿ ಕಾಗದ ಹರಿಯುತ್ತದೆ. ಷಡಕ್ಷರಿ ತಮ್ಮ ಎಲ್ಲ ಪಟಕ್ಕೂ ತಾವೇ ಹಚ್ಚಿ ತರುತ್ತಿದ್ದರು. ಇದಕ್ಕೆ ಹಚ್ಚಿಲ್ಲ. ಪಾಪ, ಪುರುಸೊತ್ತು ಸಿಕ್ಕಿಲ್ಲ ಎಂದುಕೊಂಡಳು. ನಾಲ್ಕು ಊರು ಸುತ್ತುವ ಮನುಷ್ಯ, ಶುಕ್ರವಾರ ಬೇರೆ ಅರಕಲಗೂಡು. ಈ ಕೆಲಸ ನಾನೇ ಮಾಡಿಬಿಟ್ಟರೆ ಶನಿವಾರ ನೋಡಿ ಖುಷಿಪಡುತ್ತಾರೆ.

ಮನೆಗೆ ಓಡಿ ತನ್ನದೇ ಹಳೆಯ ಬಿಳಿ ಮಲ್ ಸೀರೆ ತಂದು ಅಳತೆಗೆ ಹರಿದಳು. ರೇವಮ್ಮ ಮೈದಾ ಗಂಜಿ ಕಾಯಿಸಿದಳು. ಹುಳ ಹಿಡಿಯದಿರಲಿ ಎಂದು ನೀಲಾಂಬಿಕೆ ಅದಕ್ಕೆ ಚೂರು ಮೈಲುತುತ್ತ ಬೆರೆಸಿದಳು. ಬಟ್ಟೆಯನ್ನು ಹಲಗೆಯ ಮೇಲೆ ಎಳೆದು ಹಾಸಿ, ಬಟ್ಟೆಗೇ ಗಂಜಿ ಬಳಿದು, ಪಟವನ್ನು ಇಬ್ಬರೂ ಎರಡೆರಡು ಮೂಲೆ ಹಿಡಿದು ಮುಖ ಮೇಲಾಗಿಯೇ ಎತ್ತಿ ಅದರ ಮೇಲೆ ಇಳಿಸಿದರು. ಬಣ್ಣ ಕೆಡಬಾರದಲ್ಲ. ಹಿಂಭಾಗ ತಿರುಗಿಸಿ ನೋಡುವ ಪ್ರಮೇಯವೇ ಬರಲಿಲ್ಲ. ನಡುವಿನಿಂದ ಅಂಚಿಗೆ, ಗುಳ್ಳೆ ಏಳದಂತೆ, ನೀಲಾಂಬಿಕೆ ಅಂಗೈಯಲ್ಲಿ ಸವರಿದಳು. ಅವರ ಕೈ ಆಡಿದ ಕಾಗದ ಎಂದು ಒಂದಿಷ್ಟು ಹೆಚ್ಚೇ ಸವರಿದಳು.

ಶುಕ್ರವಾರ ಸಂಜೆ ಖಾಲಿ ಮನೆಯ ಮುಂದೆ ಪೆನ್ಸಿಲು ಹಿಡಿದು ಕೂತಳು. ಹೋಲಿಕೆ ಅವಳಿಗೆ ಆಗ ಥಟ್ಟನೆ ಹೊಳೆಯಿತು. ಒಂದು ಹೂವಿನ ಮುಂದೆ, ಇನ್ನೊಂದು ಹೊಲದ ಮೇಲೆ. "ಎರಡೂ ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತವೆ" ಎಂದು ಬರೆದಳು. ಬರೆದದ್ದನ್ನು ಓದಿದರೆ ಮುಖ ಬಿಸಿಯಾಯಿತು. ಚಾಣ ತಾನಂತೆ, ಪಾವಲಿ ತೂಕದ್ದು ಅವರಂತೆ. ಇನ್ನು ಇವೆರಡರ ಹೋಲಿಕೆ ಎಂದು ಇನ್ಸ್‌ಪೆಕ್ಟರ ಎದುರು, ಅಷ್ಟು ಹುಡುಗಿಯರ ಎದುರು, ಅವರೂ ಇರುವಾಗ ಗಟ್ಟಿಯಾಗಿ ಓದುವುದೆಂದರೆ? ರಬ್ಬರು ತಗೊಂಡು ಚೂರೂ ಉಳಿಯದಂತೆ ಅಳಿಸಿದಳು.

ಶನಿವಾರ ಪಾಠ ಚೆನ್ನಾಗಿಯೇ ನಡೆಯಿತು. ಪಾವಲಿ ಹುಡುಗಿಯರ ಅಂಗೈಯಿಂದ ಅಂಗೈಗೆ ಹೋಯಿತು, ಇನ್ಸ್‌ಪೆಕ್ಟರೂ ಒಮ್ಮೆ ಇಟ್ಟು ನೋಡಿ ತಲೆದೂಗಿದರು. ಷಡಕ್ಷರಿ ಬಾಗಿಲ ಹತ್ತಿರ, ಅರಕಲಗೂಡಿನ ಧೂಳು ಮೆತ್ತಿದ ಕೋಟಿನಲ್ಲಿ, ಅಂದು ಒಂದೇ ಕಡೆ ಅಲುಗದೆ ನಿಂತಿದ್ದರು. ಪಾಠ ಮುಗಿಯುತ್ತ ಬಂದಾಗ ಇನ್ಸ್‌ಪೆಕ್ಟರ ಕಣ್ಣು ಪಟದ ಕೆಳಗಿನ ಖಾಲಿ ಮನೆಯ ಮೇಲೆ ನಿಂತಿತು.

"ಇಲ್ಲೇನಮ್ಮ?"

ರಿಜಿಸ್ಟರಿನಲ್ಲಿ ಖಾಲಿ ಜಾಗ ಬಿಡಬಾರದು, ಆಮೇಲೆ ಯಾರಾದರೂ ಏನಾದರೂ ತುಂಬಿಯಾರು, ಕೆಂಪು ಇಂಕಿನಲ್ಲಿ ಗೆರೆ ಎಳೆಯಬೇಕು. ಕೆಲಸಕ್ಕೆ ಸೇರಿದ ದಿನದಿಂದ ಕೈಗೆ ಹತ್ತಿದ ಪಾಠ ಅದು. ಕೈ ತಾನಾಗಿ ಕೆಂಪು ಪೆನ್ನಿಗೆ, ರೂಲುದೊಣ್ಣೆಗೆ ಹೋಯಿತು. "ಹೋಲಿಕೆ ಇಲ್ಲ ಸಾರ್," ಎಂದು ಆ ಮನೆಗೆ ಅಡ್ಡಲಾಗಿ ನೇರ ಒಂದು ಗೆರೆ ಎಳೆದಳು.

ಎಲ್ಲರೂ ಹೋದ ಮೇಲೆ ಷಡಕ್ಷರಿ ಪಟದ ಹತ್ತಿರ ಬಂದರು. ಮುಖ ಬಿಳಿಚಿಕೊಂಡಿತ್ತು. ಇಪ್ಪತ್ತು ಮೈಲಿ ಸೈಕಲ್ ತುಳಿದದ್ದಕ್ಕೆ ಎಂದುಕೊಂಡಳು ಅವಳು. ಕೆಳಗಿನ ಮೂಲೆ ಎತ್ತಿ, ಹಿಂದಿನ ಬಟ್ಟೆಯನ್ನು ಹೆಬ್ಬೆರಳಿನಲ್ಲಿ ಮುಟ್ಟಿದರು.

"ನಿಮ್ಮ ಸೀರೆ ಅಲ್ವಾ ಇದು?"

"ಹೌದು. ನಾನೇ ಹಚ್ಚಿದೆ," ಅಂದಳು ಹೆಮ್ಮೆಯಿಂದ. "ಎಲ್ಲೂ ಒಂದು ಗುಳ್ಳೆ ಇಲ್ಲ, ನೋಡಿ."

"ಇಲ್ಲ. ಚೆನ್ನಾಗಿ ಮುಚ್ಚಿದೀರಿ," ಅಂದರು. ಮೂಲೆ ಬಿಟ್ಟು, "ಬರ್ತೀನಿ ಟೀಚರ್" ಎಂದು ಕೈ ಮುಗಿದರು. ಅವರು ಹಾಗೆ ಕೈ ಮುಗಿದದ್ದು ಅದೇ ಮೊದಲು.

ಮುಂದಿನ ಗುರುವಾರ ಅವರು ಬರಲಿಲ್ಲ. ಅದರ ಮುಂದಿನ ಗುರುವಾರ ಬಂದವರು ಬೇರೆ ಮೇಷ್ಟ್ರು, ವಯಸ್ಸಾದವರು. ಷಡಕ್ಷರಿ ತಾವೇ ಅರ್ಜಿ ಕೊಟ್ಟು ಚನ್ನರಾಯಪಟ್ಟಣದಲ್ಲೇ ಉಳಿಯುವ ಏರ್ಪಾಡು ಮಾಡಿಕೊಂಡರೆಂದು ತಿಳಿಯಿತು. ಶಿವರಾತ್ರಿಗೆ ಸೋದರಮಾವ ಈಶ್ವರಯ್ಯ ಬಂದರು. ನೀಲಾಂಬಿಕೆ ಒಲ್ಲೆ ಅಂದಳು. ಯಾಕೆ ಅಂದರು. ಹೇಳಲು ಅವಳ ಹತ್ತಿರ ಒಂದು ಹೆಸರೂ ಇರಲಿಲ್ಲ, ಯಾರೂ ಅವಳನ್ನು ಕೇಳಿರಲಿಲ್ಲವಲ್ಲ. ಮಾವ ಊಟ ಬಿಟ್ಟು ಎದ್ದು ಹೋದರು. ಬಸವಲಿಂಗಮ್ಮ ಮಗಳ ಜೊತೆ ಎಂಟು ದಿನ ಮಾತಾಡಲಿಲ್ಲ.

ವರ್ಷ ಕಳೆಯಿತು. ಯುದ್ಧ ಬಂತು, ಸೀಮೆಎಣ್ಣೆ ಸಿಗದಾಯಿತು, ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡಿದವು, ಯುದ್ಧ ಹೋಯಿತು. ನೀಲಾಂಬಿಕೆ ಹೆಡ್‌ಮಿಸ್ಟ್ರೆಸ್ ಆದಳು. ಪ್ರತಿ ಚಳಿಗಾಲದಲ್ಲೂ ಅದೇ ಪಟ ತೂಗುಹಾಕಿ, ಅದೇ ಪಾವಲಿ ಮಕ್ಕಳ ಕೈಗೆ ಕೊಟ್ಟು, ಅದೇ ಪಾಠ ಮಾಡಿದಳು. ಕೊನೆಗೆ "ಹೋಲಿಕೆ ಇಲ್ಲ" ಅನ್ನುವಳು. ಎದೆಯಲ್ಲಿ ಒಂದು ಸಿಟ್ಟು ಹಾಗೇ ಉಳಿದಿತ್ತು. ಒಂದು ಮಾತು ಆಡಬಹುದಿತ್ತು. ಬೇಡ ಅನ್ನಲಾದರೂ ಆಡಬಹುದಿತ್ತು. ಷಡಕ್ಷರಿಗೆ ಮದುವೆಯಾಯಿತಂತೆ ಎಂದು ರೇವಮ್ಮ ಯಾರಿಂದಲೋ ಕೇಳಿ ಬಂದು ಹೇಳಿದ ದಿನ, ಒಳ್ಳೆಯದಾಯಿತು ಎಂದು ಹಾಜರಿ ಕೂಗಲು ಎದ್ದುಹೋದಳು. ಅಂದು ಎರಡು ಹೆಸರು ಬಿಟ್ಟು ಕೂಗಿದಳೆಂದು ಹುಡುಗಿಯರು ಆಮೇಲೆ ಮಾತಾಡಿಕೊಂಡರು.

೧೯೪೬ರ ಹಿಂಗಾರು ಜೋರಾಗಿ ಹಿಡಿಯಿತು. ಸ್ಕೂಲಿನ ಹೆಂಚು ಒಡೆದು ಒಂದು ರಾತ್ರಿಯ ಮಳೆಯೆಲ್ಲ ಪಟದ ಗೋಡೆಯ ಮೇಲೆ ಇಳಿದಿತ್ತು. ಸೋಮವಾರ ಬೆಳಿಗ್ಗೆ ರೇವಮ್ಮ ಅದನ್ನು ಬಿಸಿಲಿಗೆ ಹಾಸಿ, "ಬಾರವ್ವ ಇಲ್ಲಿ, ನಿನ್ ಪಟದ ಬಟ್ಟೆ ಬುಟ್ಕೊಂಡದೆ" ಎಂದು ಕೂಗಿದಳು. ನೀಲಾಂಬಿಕೆ ಬಂದು ಮೂಲೆ ಹಿಡಿದು ಮೆಲ್ಲಗೆ ಎಳೆದಳು. ನೆಂದ ಗಂಜಿ ಸಲೀಸಾಗಿ ಬಿಟ್ಟಿತು. ಮೈಲುತುತ್ತದ ದೆಸೆಯಿಂದ ಒಂದು ಹುಳವೂ ಮುಟ್ಟಿರಲಿಲ್ಲ. ಕಾಗದದ ಹಿಂದೆ, ಕೆಳಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ ಪೆನ್ಸಿಲಿನ ಬರಹ ಇತ್ತು.

"ನೀಲಾಂಬಿಕೆಯವರೇ, ಈ ಮಾತನ್ನು ಟಪಾಲಿನಲ್ಲಿ ಕಳಿಸಿದರೆ ನಾಲ್ಕು ಕೈ ದಾಟಿ ಬರುತ್ತದೆ. ಅದಕ್ಕೇ ಇಲ್ಲಿ ಬರೆದೆ. ಬಟ್ಟೆ ಹಚ್ಚದೆ ಕೊಟ್ಟಿದ್ದೂ ಅದಕ್ಕೇ. ನಿಮ್ಮ ಮಾವನವರು ಬರುವ ಮೊದಲು ನನ್ನ ಅಕ್ಕನನ್ನು ನಿಮ್ಮ ತಾಯಿಯವರ ಹತ್ತಿರ ಕಳಿಸಬೇಕೆಂದಿದ್ದೇನೆ. ಆದರೆ ಮೊದಲು ನಿಮ್ಮ ಮನಸ್ಸು ತಿಳಿಯಬೇಕು. ಹೋಲಿಕೆ ಇಲ್ಲವೆಂದು ಜಗಳವಾಡಿದಿರಿ. ಇದೆ. ಎರಡೂ ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತವೆ. ನೋಡುವವರಿಗೆ ಸುಮ್ಮನೆ ನಿಂತಂತೆ ಕಾಣುತ್ತದೆ, ಕಷ್ಟ ಹಕ್ಕಿಗೇ ಗೊತ್ತು. ಎರಡು ತಿಂಗಳಿಂದ ನಾನೂ ಹಾಗೇ ನಿಂತಿದ್ದೇನೆ. ಒಪ್ಪಿಗೆಯಾದರೆ ಆ ಮನೆ ತುಂಬಿ ತನ್ನಿ. ಇಲ್ಲವಾದರೆ ಅಲ್ಲೊಂದು ಗೆರೆ ಎಳೆದುಬಿಡಿ. ತಿಳಿದುಕೊಳ್ಳುತ್ತೇನೆ. ಮತ್ತೆ ಕೇಳಿ ತೊಂದರೆ ಕೊಡುವುದಿಲ್ಲ. ಷಡಕ್ಷರಿ."

ನೀಲಾಂಬಿಕೆ ಅಂಗಳದ ಕಲ್ಲಿನ ಮೇಲೆ ಕೂತಳು. ಅಕ್ಷರ ಬಾರದ ರೇವಮ್ಮ ಅವಳ ಮುಖ ನೋಡಿ, "ಏನದು? ಯಾರಾದ್ರೂ ಓಗ್ಬುಟ್ರಾ?" ಅಂದಳು.

"ಹೂಂ. ಹತ್ತು ವರ್ಷ ಆಯ್ತು," ಅಂದಳು ನೀಲಾಂಬಿಕೆ. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ತನ್ನ ಸೀರೆಯಿಂದ, ತನ್ನ ಅಂಗೈಯಿಂದ, ಗುಳ್ಳೆ ಏಳದಂತೆ ತಾನೇ ಮುಚ್ಚಿದ್ದು. ರೇವಮ್ಮ ಅವಳ ಬೆನ್ನಿನ ಮೇಲೆ ಕೈ ಇಟ್ಟು ಕೂತಳು.

ಶನಿವಾರ ಮಧ್ಯಾಹ್ನ ಪಟ ಸುತ್ತಿಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಿದಳು. ಹೇಳುವುದೋ ಬೇಡವೋ ಎಂದು ದಾರಿಯುದ್ದಕ್ಕೂ ಮನಸ್ಸು ಹೊಯ್ದಾಡಿತು. ಸಂಸಾರಸ್ಥ. ನೆಮ್ಮದಿಯಾಗಿದ್ದಾರೆ. ಈಗ ಹೇಳಿ ಏನಾಗಬೇಕು? ಆದರೆ ತಾನು ಗೆರೆ ಎಳೆದು ದೂಡಿದೆನೆಂದು ಆ ಮನುಷ್ಯ ಹತ್ತು ವರ್ಷ ನಂಬಿದ್ದಾರೆ, ಸಾಯುವ ತನಕ ಹಾಗೇ ನಂಬಿರಲಿ ಎಂದು ಬಿಡುವುದು ಹೇಗೆ? ಕಿಟಕಿಯಾಚೆ ರಾಗಿ ಹೊಲದ ಮೇಲೆ, ಆ ವರ್ಷದ ಮೊದಲ ಚಾಣ ಗಾಳಿಯಲ್ಲಿ ನಿಂತಿತ್ತು. ಬಸ್ಸು ತಿರುವು ದಾಟುವವರೆಗೂ ಅದನ್ನು ನೋಡಿದಳು.

ಬಾಗಿಲು ತೆಗೆದವಳು ಷಡಕ್ಷರಿಯ ಹೆಂಡತಿ ಕಮಲಾಕ್ಷಮ್ಮ. ದುಂಡು ಮುಖ, ಕೈಯಲ್ಲಿ ಹಿಟ್ಟು. ಹಗ್ಗದ ಮೇಲೆ ಪುಟ್ಟ ಹುಡುಗಿಯ ಲಂಗ ಒಣಗುತ್ತಿತ್ತು. ಹೊಳೆನರಸೀಪುರದ ಸ್ಕೂಲಿನವರು ಎಂದ ಕೂಡಲೇ, "ಬನ್ನಿ ಅಕ್ಕ, ಒಳಗೆ ಬನ್ನಿ. ರೀ, ಯಾರು ಬಂದಿದಾರೆ ನೋಡಿ" ಎಂದು ಚಾಪೆ ಹಾಸಿದಳು. ಷಡಕ್ಷರಿ ಒಳಗಿನಿಂದ ಬಂದರು. ಕನ್ನಡಕ ಬಂದಿತ್ತು, ಕಿವಿಯ ಮೇಲೆ ನರೆ. ಅವಳನ್ನು ನೋಡಿ ನಿಂತಲ್ಲೇ ನಿಂತರು.

"ಪಟದ ಬಟ್ಟೆ ಬಿಟ್ಟಿದೆ ಮೇಷ್ಟ್ರೇ," ಅಂದಳು ನೀಲಾಂಬಿಕೆ. "ಮತ್ತೆ ಹಚ್ಚಿಸಿಕೊಂಡು ಹೋಗೋಣ ಅಂತ ಬಂದೆ."

"ಅದಕ್ಕೇನಂತೆ, ನಾನು ಗಂಜಿ ಕಾಯಿಸ್ತೀನಿ," ಎಂದು ಕಮಲಾಕ್ಷಮ್ಮ ಅಡಿಗೆಮನೆಗೆ ಹೋದಳು.

ಷಡಕ್ಷರಿ ಪಟ ಬಿಚ್ಚಿದರು. ಚಾಣ, ಝೇಂಕಾರದ ಹಕ್ಕಿ, ತೂಕ, ಕೊಕ್ಕು, ಗೂಡು. ಕಣ್ಣು ಮೆಲ್ಲಗೆ ಇಳಿಯಿತು. ಕೊನೆಯ ಮನೆಯಲ್ಲಿ ಮಾಸಿದ ಕೆಂಪು ಗೆರೆ. ಅದರ ಕೆಳಗೆ ಹೊಸ ಇಂಕಿನಲ್ಲಿ, ದುಂಡಗೆ: ಎರಡೂ ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತವೆ.

ಪಟ ಮಗುಚಿದರು. ತಮ್ಮದೇ ಅಕ್ಷರ. ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು.

"ಯಾವಾಗ ಓದಿದ್ರಿ?"

"ಹೋದ ಸೋಮವಾರ."

ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. "ಹಾಗಾದ್ರೆ ಆವತ್ತು?"

"ಹಿಂದೆ ತಿರುಗಿಸಿ ನೋಡಲೇ ಇಲ್ಲ. ನಿಮಗೆ ಪುರುಸೊತ್ತು ಸಿಕ್ಕಿಲ್ಲ, ಪಾಪ, ಅಂತ ಬಟ್ಟೆ ಹಚ್ಚಿದೆ."

"ಗೆರೆ?"

"ಖಾಲಿ ಬಿಡಬಾರದಲ್ಲ, ಅದಕ್ಕೆ. ರಿಜಿಸ್ಟರಿನ ಅಭ್ಯಾಸ. ಶುಕ್ರವಾರ ಸಂಜೆ ಇದೇ ಮಾತು ಪೆನ್ಸಿಲಲ್ಲಿ ಬರೆದಿದ್ದೆ ಮೇಷ್ಟ್ರೇ. ಎಲ್ಲರೆದುರು ಓದೋಕೆ ನಾಚಿಕೆಯಾಗಿ ಅಳಿಸಿಬಿಟ್ಟೆ."

ಷಡಕ್ಷರಿ ನಗಲು ಹೋದರು, ನಗು ಅರ್ಧಕ್ಕೇ ಮುರಿಯಿತು. "ನಾನು ಬಾಯಿಬಿಟ್ಟು ಕೇಳಬೇಕಿತ್ತು."

"ನಾನೂ."

"ನೀವು ಶಿವರಾತ್ರಿ ಅಂದ್ರಲ್ಲ. ಅಷ್ಟು ಕೇಳಿದ್ರಿ ನೀವು. ನಾನೇ ಹಾಳೆ ಹಿಂದೆ ಅವಿತ್ಕೊಂಡೆ." ಆಮೇಲೆ ಕೇಳಿದರು, "ಮದುವೆ?"

ಅವಳು ತಲೆ ಅಲ್ಲಾಡಿಸಿದಳು. ಅವರು ಮುಖ ಆಚೆ ತಿರುಗಿಸಿಕೊಂಡರು.

ಕಮಲಾಕ್ಷಮ್ಮ ಬಿಸಿ ಗಂಜಿಯ ಪಾತ್ರೆ ತಂದಳು. "ಹಿಂದುಗಡೆ ಏನೋ ಬರ್ದಿದೆಯಲ್ಲ ರೀ. ಅಳಿಸಬೇಕಾ? ಒದ್ದೆ ಬಟ್ಟೆ ತರ್ಲಾ?"

ನೀಲಾಂಬಿಕೆ ಷಡಕ್ಷರಿಯ ಮುಖ ನೋಡಿದಳು. ಅಳಿಸಲಿ ಅಂದರೂ ಸರಿಯೇ, ಅದು ಅವರ ಮನೆ.

"ಬೇಡ," ಅಂದರು ಷಡಕ್ಷರಿ. "ಒಳಗೇ ಇರ್ಲಿ. ಯಾರಿಗೂ ತೊಂದರೆ ಇಲ್ಲ."

ಚೀಲದಿಂದ ನೀಲಾಂಬಿಕೆ ಬಟ್ಟೆ ತೆಗೆದಳು. ಅದೇ ಮಲ್ ಸೀರೆಯದು, ಒಗೆದು ಮಡಿಸಿದ್ದು. ಷಡಕ್ಷರಿ ಒಂದು ಕ್ಷಣ ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತು, ಹಲಗೆಯ ಮೇಲೆ ಹಾಸಿದರು. ಗಂಜಿ ಬಳಿದರು. ಪಟವನ್ನು ಅವರೆರಡು ಮೂಲೆ, ಇವಳೆರಡು ಮೂಲೆ ಹಿಡಿದು ಇಳಿಸಿದರು. ನಡುವಿನಿಂದ ಅಂಚಿಗೆ ಸವರುತ್ತ ಬಂದರು, ಅವರು ಆ ಕಡೆ, ಇವಳು ಈ ಕಡೆ. ಕೆಳಮೂಲೆಗೆ ಬಂದಾಗ ಷಡಕ್ಷರಿಯ ಕೈ ನಿಂತಿತು. ಅಲ್ಲಿ ಮಾತ್ರ ಅವರಿಗೆ ಆಗಲಿಲ್ಲ. ನೀಲಾಂಬಿಕೆಯೇ ಸವರಿ ಮುಗಿಸಿದಳು.

ಬಸ್ ಸ್ಟ್ಯಾಂಡಿನ ತನಕ ಗಂಡ ಹೆಂಡತಿ ಇಬ್ಬರೂ ಬಂದು ಕಳಿಸಿದರು. ಬಸ್ಸು ಹೊರಡುವಾಗ ನೀಲಾಂಬಿಕೆ ಕೈಚೀಲದಿಂದ ಪಾವಲಿ ತೆಗೆದು ಕಿಟಕಿಯಿಂದ ಚಾಚಿದಳು. "ನಿಮ್ಮದು. ಆವತ್ತು ಮೇಜಿನ ಮೇಲೆ ಬಿಟ್ಟು ಹೋಗಿದ್ರಿ."

ಷಡಕ್ಷರಿ ಅದನ್ನು ನೋಡಿದರು. "ಇಂಥ ಬೆಳ್ಳೀದು ಈಗ ಬರೋದಿಲ್ಲ ಟೀಚರ್. ಪಾಠಕ್ಕೆ ಬೇಕಾಗುತ್ತೆ. ನಿಮ್ಮ ಹತ್ರಾನೇ ಇರ್ಲಿ," ಅಂದರು.

ಮುಂದಿನ ಗುರುವಾರ ನೀಲಾಂಬಿಕೆ ಪಟ ತೂಗುಹಾಕಿ ಪಾಠ ಮಾಡಿದಳು. ತೂಕ, ಕೊಕ್ಕು, ಆಹಾರ, ಗೂಡು. ಕೊನೆಯ ಮನೆಗೆ ಬಂದಾಗ ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು.

"ಟೀಚರಮ್ಮ, ಗೆರೆ ಎಳೆದ ಮೇಲೆ ಅಲ್ಲಿ ಬರೀಬಾರ್ದು ಅಂತ ನೀವೇ ಹೇಳಿದ್ರಿ."

"ಹೌದು ಮಗಳೇ, ಬರೀಬಾರದು," ಅಂದಳು ನೀಲಾಂಬಿಕೆ. "ಉತ್ತರ ಗೊತ್ತಿದ್ದಾಗ ಗೆರೆನೂ ಎಳೀಬಾರದು. ನನಗೆ ಗೊತ್ತಿತ್ತು. ಎಳೆದುಬಿಟ್ಟೆ."

ಹುಡುಗಿಗೆ ಅರ್ಥವಾಯಿತೋ ಇಲ್ಲವೋ, ಕೂತಳು. ಪಾವಲಿ ಬೆಂಚಿನಿಂದ ಬೆಂಚಿಗೆ ಹೋಯಿತು, ಒಬ್ಬೊಬ್ಬಳೂ ಅಂಗೈ ಮೇಲಿಟ್ಟು ಕಣ್ಣು ಮುಚ್ಚಿ ತೂಕ ನೋಡಿದಳು. ಹಿಂದಿನ ಬೆಂಚಿನ ಕೊನೆಯ ಹುಡುಗಿ ತಂದು ಕೊಟ್ಟಾಗ ಅದು ಅಷ್ಟೂ ಮಕ್ಕಳ ಕೈಯಿಂದ ಬೆಚ್ಚಗಾಗಿತ್ತು. ನೀಲಾಂಬಿಕೆ ಅದನ್ನು ಹಿಡಿದುಕೊಂಡೇ ಮುಂದಿನ ಪಾಠ ಶುರುಮಾಡಿದಳು.